ಉಳಿದ ಒಂಟಿ ಕೂಸು

ಕೊಂಡಿಹಾಳ ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಹೆಸರು ಬೀಳಲು ಹದಿಮೂರು ದಿನ ಬೇಕು, ಸಂಕೇತ ಬೀಳಲು ಅರ್ಧ ನಿಮಿಷ ಸಾಕು. ಹೆಸರಿಗೆ ತೊಟ್ಟಿಲು ಬೇಕು, ಸೋದರತ್ತೆ ಬೇಕು, ಗುಗ್ಗರಿ ಬೇಕು. ಸಂಕೇತಕ್ಕೆ ದಾಖಲೆ ಕೋಣೆಯಲ್ಲಿ ಕೂತ ಕಸ್ತೂರಿ ಹಾದಿಮನಿಯ ಎರಡು ಬೆರಳು ಸಾಕು. ಇಪ್ಪತ್ತೆರಡು ವರ್ಷಗಳಿಂದ ಅವಳದು ಅದೇ ಕೆಲಸ. ಹೆರಿಗೆಯ ಫಲವೇನು? ಒಂದು ಕೂಸೋ, ಅವಳಿಯೋ, ತ್ರಿವಳಿಯೋ, ಉಸಿರಾಡುತ್ತಿದೆಯೋ ಇಲ್ಲವೋ. ನೂರರಲ್ಲಿ ತೊಂಬತ್ತೆಂಟು ಸಲ ಉತ್ತರ ಒಂದೇ: ಒಂಟಿ ಕೂಸು, ಜೀವಂತ. ಆ ಕೀಲಿಯನ್ನು ಅವಳ ಬೆರಳುಗಳು ತಾವಾಗಿಯೇ ಹುಡುಕಿಕೊಂಡು ಹೋಗುತ್ತಿದ್ದವು.

ಆಮೇಲೆ ಜೋಡಿ ಮಷಿನ್ನು ಬಂತು. ಒಂಟಿ ಕೂಸೆಂಬುದು ಅಷ್ಟು ಸುಲಭದ ಸಂಗತಿಯಾಗಿ ಉಳಿಯಲಿಲ್ಲ.

ಯಂತ್ರದ ಸರ್ಕಾರಿ ಹೆಸರು ‘ಪೂರ್ವಸಹಚರ ಶೋಧಕ’. ಅಷ್ಟುದ್ದದ ಹೆಸರು ಹೇಳುವ ಪುರುಸೊತ್ತು ಯಾರಿಗಿದೆ? ಜೋಡಿ ಮಷಿನ್ನು ಎಂದರು, ಅದೇ ಉಳಿಯಿತು. ಅದರ ಕೆಲಸ ಕೇಳಿದರೆ ಸರಳ. ಕೆಲವು ಬಸುರಿಯರ ಹೊಟ್ಟೆಯಲ್ಲಿ ಮೊದಮೊದಲು ಎರಡು ಜೀವ ಮೊಳೆತಿರುತ್ತವೆ. ಎಂಟನೆಯ ವಾರವೋ ಹತ್ತನೆಯ ವಾರವೋ ಅವುಗಳಲ್ಲೊಂದು ಸದ್ದಿಲ್ಲದೆ ಕರಗಿಹೋಗುತ್ತದೆ. ತಾಯಿಗೆ ತಿಳಿಯುವುದಿಲ್ಲ, ಎಷ್ಟೋ ಸಲ ಸ್ಕ್ಯಾನಿಂಗಿನವರಿಗೂ ತಿಳಿಯುವುದಿಲ್ಲ. ಆದರೆ ಕರಗಿದ ಜೀವದ ಒಂದಿಷ್ಟು ಕಣಗಳು ಉಳಿದ ಕೂಸಿನ ಹೊಕ್ಕುಳಬಳ್ಳಿಯಲ್ಲಿ ಸೇರಿಕೊಂಡಿರುತ್ತವೆ. ಒಂದು ಗೇಣು ಬಳ್ಳಿಯನ್ನು ಯಂತ್ರಕ್ಕೆ ಕೊಟ್ಟರೆ ಅದು ಜಾಲಾಡಿ, ಇದರಲ್ಲಿ ಒಬ್ಬರ ಗುರುತಿದೆಯೋ ಇಬ್ಬರ ಗುರುತಿದೆಯೋ ಹೇಳಿಬಿಡುತ್ತಿತ್ತು. ಎರಡನೆಯದು ಗಂಡಾಗಿತ್ತೋ ಹೆಣ್ಣಾಗಿತ್ತೋ ಅದನ್ನೂ ಹೇಳುತ್ತಿತ್ತು.

ಹೀಗಾಗಿ ೨೦೩೯ರಿಂದ ಒಂಟಿ ಜನನದ ಸಂಕೇತ ಎರಡಾಗಿ ಒಡೆಯಿತು. ಒಂದು-ಅ ಎಂದರೆ ಮೂಲ ಒಂಟಿ, ಮೊದಲಿನಿಂದ ಒಂದೇ ಆಗಿದ್ದದ್ದು. ಒಂದು-ಆ ಎಂದರೆ ಉಳಿದ ಒಂಟಿ. ಉಳಿದ ಒಂಟಿಗಳಿಗೆ ಎದೆಯ ತೊಂದರೆ ತುಸು ಹೆಚ್ಚು, ಮೊದಲ ವರ್ಷ ಆರು ಸಲ ತಪಾಸಣೆಗೆ ಕರೆತರಬೇಕು. ಡಾಕ್ಟರುಗಳು ಹೇಳಿದ್ದು ಇಷ್ಟೇ.

ಡಾಕ್ಟರುಗಳು ಹೇಳಿದಷ್ಟಕ್ಕೇ ಜನ ಎಲ್ಲಿಯಾದರೂ ನಿಂತದ್ದುಂಟೇ? ವರ್ಷ ತುಂಬುವುದರೊಳಗೆ ತೊಟ್ಟಿಲಿಗೆ ಹಾಕುವಾಗ ಎರಡು ಹೆಸರು ಹೇಳುವುದು ಶುರುವಾಯಿತು. ಒಂದನ್ನು ಕೂಸಿನ ಕಿವಿಯಲ್ಲಿ, ಇನ್ನೊಂದನ್ನು ತೊಟ್ಟಿಲ ಖಾಲಿ ಮಗ್ಗುಲಲ್ಲಿ. ಜ್ಯೋತಿಷಿಗಳು ಒಂದೇ ಮಗುವಿಗೆ ಎರಡೆರಡು ಜಾತಕ ಬರೆದರು. ಅಂಗನವಾಡಿಯ ಅರ್ಜಿಯಲ್ಲಿ ‘ಅ ಅಥವಾ ಆ’ ಎಂಬ ಚೌಕ ಬಂತು. ಅದು ಯಾಕೆಂದು ಅಂಗನವಾಡಿಯವರಿಗೂ ಗೊತ್ತಿರಲಿಲ್ಲ. ಒಳ್ಳೆಯ ಮನೆಗಳಲ್ಲಿ ಕೂಸನ್ನು ಹೆಚ್ಚು ಮುದ್ದು ಮಾಡಿದರು. ಕೆಟ್ಟ ಮನೆಗಳಲ್ಲಿ, ಒಡಹುಟ್ಟಿದ್ದನ್ನು ನುಂಗಿ ಬಂದ ಕೂಸು ಎಂದರು.

ಕೊಂಡಿಹಾಳಕ್ಕಂತೂ ಇದರಿಂದ ಒಂದು ಬಗೆಯ ಕೀರ್ತಿಯೇ ಬಂತು. ರಾಜ್ಯದಲ್ಲೆಲ್ಲ ಉಳಿದ ಒಂಟಿಗಳು ನೂರಕ್ಕೆ ಆರು, ಇಲ್ಲಿ ಇಪ್ಪತ್ತೆಂಟು. ಇಬ್ಬಿಬ್ಬರು ಜೊತೆಗಾರರನ್ನು ಕಳೆದುಕೊಂಡ ಕೂಸುಗಳೂ ಇಲ್ಲಿ ಸಿಕ್ಕವು. ತಜ್ಞರ ತಂಡವೊಂದು ಬಂದು ಬಾವಿಯ ನೀರು, ಜೋಳದ ಹಿಟ್ಟು, ಜೋಡು ಬಾಳೆಹಣ್ಣು ಎಲ್ಲವನ್ನೂ ಸೀಸೆಗೆ ತುಂಬಿಕೊಂಡು ಹೋಯಿತು. ಅವರ ಪ್ರಬಂಧ ಇನ್ನೂ ಅಚ್ಚಾಗಬೇಕಿತ್ತು.

ಇದೆಲ್ಲ ಕಸ್ತೂರಿಗೆ ದೂರದಿಂದ ನೋಡುವ ಸಂಗತಿಯಾಗಿತ್ತು, ಅವಳ ಮಗಳು ಅಂಬಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ತನಕ.

ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು, ಎರಡು ಕಿಲೋ ಎಂಟುನೂರು. ಮೂರನೆಯ ದಿನ ಜೋಡಿ ಮಷಿನ್ನಿನ ವರದಿ ಕಸ್ತೂರಿಯ ಮೇಜಿಗೇ ಬಂತು. ಎರಡನೆಯ ಗುರುತು: ಇದೆ. ಲಿಂಗ: ಗಂಡು. ತನ್ನ ಮೊಮ್ಮಗಳ ಮುಂದೆ ಒಂದು-ಆ ಎಂದು ಒತ್ತಿದ್ದು ಅವಳ ಬೆರಳುಗಳೇ. ಆ ಕೋಣೆಯಲ್ಲಿ ಬೇರೆ ಗುಮಾಸ್ತರಿರಲಿಲ್ಲ.

ಕೂಸಿಗೆ ದಾಕ್ಷಾಯಣಿ ಎಂದು ಹೆಸರಿಟ್ಟರು, ಕರೆಯುವುದು ದಾಕ್ಷಿ ಎಂದು. ಖಾಲಿ ಮಗ್ಗುಲಿಗೆ ಅಂಬಿಕಾ ಯಾರನ್ನೂ ಕೇಳದೆ ಓಂಕಾರ ಎಂದಳು. ಎಲ್ಲ ತಾಯಂದಿರೂ ಹಾಗೆ ಒಂದು ಹೆಸರು ಹೇಳುತ್ತಾರೆ, ನಾಲ್ಕು ದಿನ ಅಳುತ್ತಾರೆ, ಆಮೇಲೆ ಉಳಿದದ್ದರ ಗದ್ದಲದಲ್ಲಿ ಮರೆಯುತ್ತಾರೆ ಎಂದು ಕಸ್ತೂರಿ ತಿಳಿದಿದ್ದಳು. ಅಂಬಿಕಾ ಮರೆಯಲಿಲ್ಲ.

ಮೂರನೆಯ ವಾರ ಕಸ್ತೂರಿಯ ಕಣ್ಣಿಗೆ ಒಂದು ವಿಷಯ ಬಿತ್ತು. ಅಂಬಿಕಾ ಕೂಸಿಗೆ ಬಲ ಮೊಲೆ ಮಾತ್ರ ಕುಡಿಸುತ್ತಿದ್ದಳು. ಕೂಸು ಅತ್ತರೆ, ಬಲಗಡೆ ಬರಿದಾಗಿದ್ದರೆ, ಎತ್ತಿ ಅಡ್ಡಾಡಿಸುತ್ತಿದ್ದಳೇ ಹೊರತು ಎಡಗಡೆಗೆ ತಿರುಗಿಸುತ್ತಿರಲಿಲ್ಲ.

“ಎಡಕ್ಕೂ ಹಿಡಿಯವ್ವ, ಕೂಸಿಗೆ ಹೊಟ್ಟಿ ತುಂಬವಲ್ದು.”

“ಅದು ಅವಂದು,” ಎಂದಳು ಅಂಬಿಕಾ.

ಕಸ್ತೂರಿ ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಕೈ ಹಿಡಿದು ಬೇಡಿದಳು. ಯಾವುದೂ ನಡೆಯಲಿಲ್ಲ. ಅಂಬಿಕಾ ಹುಚ್ಚಿಯಲ್ಲ. ಅಡಿಗೆ ಮನೆಯ ಕಡೆ ಲಕ್ಷ್ಯವಿತ್ತು, ಹರಿಹರದಿಂದ ಗಂಡ ಈರಣ್ಣ ಫೋನು ಮಾಡಿದರೆ ನಗುತ್ತ ಮಾತಾಡುತ್ತಿದ್ದಳು. ಇದೊಂದು ಮಾತಿಗೆ ಮಾತ್ರ ಬಾಗಿಲು ಮುಚ್ಚಿಬಿಡುತ್ತಿದ್ದಳು. ಎಡಗಡೆ ತುಂಬಿ ಕಲ್ಲಾದಾಗ ಬಟ್ಟಲಿಗೆ ಹಿಂಡಿ, ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದು ಬರುತ್ತಿದ್ದಳು. ಒಮ್ಮೆ ಕಸ್ತೂರಿ ಆ ಬಟ್ಟಲನ್ನು ಕದ್ದು ಕೂಸಿಗೆ ಒಳಲೆಯಲ್ಲಿ ಕುಡಿಸಿದಳು. ಅದು ತಿಳಿದ ಮೇಲೆ ಅಂಬಿಕಾ ಎರಡು ದಿನ ತಾಯಿಯ ಮುಖ ನೋಡಲಿಲ್ಲ. “ನನ್ನ ಹೊಟ್ಟ್ಯಾಗ ಅವಂಗ ಜಾಗ ಸಿಗಲಿಲ್ಲ. ಇಷ್ಟನ್ನೂ ಕಸಗೊಂಡ್ರ ಹೆಂಗಬೇ?” ಎಂದದ್ದು ಮೂರನೆಯ ದಿನ.

ಪುಡಿ ಹಾಲು ಕೊಟ್ಟರೆ ಕೂಸು ವಾಂತಿ ಮಾಡುತ್ತಿತ್ತು. ಆರನೆಯ ವಾರದ ತಪಾಸಣೆಯಲ್ಲಿ ತಕ್ಕಡಿಯ ಮುಳ್ಳು ಎರಡು ಕಿಲೋ ಒಂಬೈನೂರರಲ್ಲಿ ನಿಂತಿತು. ನಾಲ್ಕು ಕಿಲೋದ ಹತ್ತಿರ ಇರಬೇಕಾಗಿದ್ದ ಕೂಸು. ವೈದ್ಯಾಧಿಕಾರಿ ಮಗದುಮ್ ಡಾಕ್ಟರು ದಾಕ್ಷಿಯ ತೊಡೆಯ ಸಡಿಲು ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಅಂಬಿಕಾಳನ್ನು ಹೊರಗೆ ಕೂಡಿಸಿ, ಕಸ್ತೂರಿಯನ್ನು ಒಳಗೆ ಕರೆದರು.

“ಇನ್ನೊಂದು ವಾರ ಹಿಂಗ ಹೋದ್ರ ಕೂಸು ಉಳಿಯೂದು ಕಷ್ಟ, ಕಸ್ತೂರಿಬಾಯಿ. ಮಗಳಿಗೂ ಜ್ವರ ಬಂದಾವ, ಎಡಗಡೆ ಬಾವು ಆಗಲಿಕ್ಕೆ ಹತ್ತೇದ. ಆಕಿ ಮನಸ್ಸು ತಿರಗಬೇಕು. ಇದಕ್ಕ ನನ್ನ ಹತ್ರ ಗುಳಗಿ ಇಲ್ಲ.”

ಅಂದು ದಿನವೆಲ್ಲ ಕಸ್ತೂರಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಯಲ್ಲಿದ್ದರೆ ಆಸ್ಪತ್ರೆಗೆ ಹೋಗಬೇಕೆನಿಸುತ್ತಿತ್ತು, ಆಸ್ಪತ್ರೆಯಲ್ಲಿದ್ದರೆ ಮನೆಗೆ ಓಡಬೇಕೆನಿಸುತ್ತಿತ್ತು. ತನ್ನ ಬೆರಳುಗಳನ್ನು ನೋಡಿದರೆ ತನಗೇ ಸಿಟ್ಟು ಬರುತ್ತಿತ್ತು. ಒಂದು ಕೀಲಿ ಬಿಟ್ಟು ಪಕ್ಕದ್ದು ಒತ್ತಿದ್ದರೆ? ಯಾರಪ್ಪನ ಗಂಟು ಹೋಗುತ್ತಿತ್ತು? ಮಗಳು ಎರಡೂ ಕಡೆ ಕುಡಿಸಿಕೊಂಡು ಸುಖವಾಗಿರುತ್ತಿದ್ದಳು.

ಮರುದಿನ ಬೆಳಗ್ಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಇಂಥದೇ ದುಃಖವನ್ನು ಉಂಡು ಅರಗಿಸಿಕೊಂಡ ತಾಯಿಯೊಬ್ಬಳನ್ನು ಮನೆಗೆ ಕರೆತಂದರೆ ಹೇಗೆ? ಹೆತ್ತ ತಾಯಿಯ ಮಾತು ಕೇಳದವಳು ಸಮದುಃಖಿಯ ಮಾತು ಕೇಳಿಯಾಳು. ಕಸ್ತೂರಿ ಒಂದು-ಆ ಕೂಸುಗಳ ಪಟ್ಟಿಯನ್ನೆಲ್ಲ ತೆರೆಯ ಮೇಲೆ ತೆಗೆದಳು. ನಾನೂರ ಹದಿನೇಳು ಹೆಸರು. ಅಂಬಿಕಾಳ ವಯಸ್ಸಿನವರನ್ನು ಆರಿಸಿ, ಊರು, ಫೋನು, ಹೆರಿಗೆಯ ದಿನ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳತೊಡಗಿದಳು.

ಒಂಬತ್ತನೆಯ ಹೆಸರಿಗೆ ಅವಳ ಪೆನ್ನು ನಿಂತಿತು. ಶುಕ್ರವಾರ, ಮಂಗಳವಾರ, ಶುಕ್ರವಾರ, ಶುಕ್ರವಾರ, ಮಂಗಳವಾರ. ನಡುವೆ ಒಂದೇ ಒಂದು ಸೋಮವಾರ. ಪಟ್ಟಿಯನ್ನು ವಾರದ ಪ್ರಕಾರ ಜೋಡಿಸೆಂದು ಕಂಪ್ಯೂಟರಿಗೆ ಹೇಳಿದಳು. ನಾನೂರ ಹದಿನೇಳರಲ್ಲಿ ಮುನ್ನೂರ ಐವತ್ತಾರು ಕೂಸುಗಳು ಹುಟ್ಟಿದ್ದು ಮಂಗಳವಾರ ಇಲ್ಲವೇ ಶುಕ್ರವಾರ.

ಒಂದೂವರೆ ವರ್ಷದಿಂದ ಇದು ಅವಳ ಕಣ್ಣ ಮುಂದೆಯೇ ಇತ್ತು. ಅವಳ ಕೆಲಸ ಕೂಸು ಎಣಿಸುವುದು, ವಾರ ಎಣಿಸುವುದಲ್ಲ. ತಜ್ಞರು ನೀರು ಪರೀಕ್ಷಿಸಿದರು, ಹಿಟ್ಟು ಪರೀಕ್ಷಿಸಿದರು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಯಾರೂ ಸೀಸೆಗೆ ತುಂಬಲಿಲ್ಲ.

ಹೊಟ್ಟೆಯೊಳಗಿನ ಜೀವಕ್ಕೆ ವಾರ ಗೊತ್ತಿರುವುದಿಲ್ಲ. ವಾರ ಗೊತ್ತಿರುವುದು ಹೊರಗಿರುವ ಮನುಷ್ಯರಿಗೆ. ಕಸ್ತೂರಿ ಚಪ್ಪಲಿ ಮೆಟ್ಟಿದವಳೇ ನೇರವಾಗಿ ಹೆರಿಗೆ ವಾರ್ಡಿಗೆ ಹೋದಳು.

ಅಲ್ಲಿ ಆಯಾ ಹನಮವ್ವ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಮೂವತ್ತು ವರ್ಷದ ಅನುಭವ. ಡಾಕ್ಟರು ಬರುವುದು ತಡವಾದರೂ ಹನಮವ್ವ ಇದ್ದಾಳೆಂದರೆ ಬಸುರಿಯರು ಧೈರ್ಯ ತಂದುಕೊಳ್ಳುತ್ತಿದ್ದರು. ಹೊಕ್ಕುಳಬಳ್ಳಿಯ ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸುವ ಕೆಲಸವೂ ಅವಳದೇ.

“ಹನಮಕ್ಕಾ, ಬಳ್ಳಿ ತುಂಡನ್ನ ಹೆಂಗ ಕಳಸ್ತಿ?”

“ಹೆಂಗಂದ್ರ? ಕೊಯ್ದ ಕೂಡ್ಲೆ ಡಬ್ಬಿಗೆ ಹಾಕಿ, ಮುಚ್ಚಳ ಬಿಗದು, ಹೆಸರಿನ ಚೀಟಿ ಹಚ್ಚಿ ಕಳಸ್ತೇನಿ.”

“ಶುಕ್ರವಾರ?”

ಹನಮವ್ವ ಕತ್ತೆತ್ತಿ ನೋಡಿದಳು, ಇಷ್ಟು ಸಣ್ಣದೂ ಗೊತ್ತಿಲ್ಲವೇ ಎಂಬಂತೆ. “ಶುಕ್ರವಾರ, ಮಂಗಳಾರ ಯಾರರ ಮೈ ಮ್ಯಾಲಿಂದನ್ನ ಹೊರಗ ಕೊಡ್ತಾರೇನವ್ವಾ? ಮಾಸು ಒಯ್ಯಾಕ ಮನಿಯವರೂ ಒಲ್ಲೆ ಅಂತಾರ. ಡಬ್ಬಿಗೆ ಹಾಕಿ ಮುಚ್ಚಳ ಬಿಗದ್ರ ಕೊಟ್ಟಂಗ ಆತಲ್ಲ? ಅದಕ್ಕ ಒಂದು ಬೋಗುಣ್ಯಾಗ ಉಪ್ಪನೀರು ಹಾಕಿ, ತುಂಡಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ಫ್ರಿಜ್ಜಿನ್ಯಾಗ ಇಟ್ಟಿರ್ತೇನಿ. ಮರದಿನ ಹೊತ್ತು ಹುಟ್ಟಿದ ಮ್ಯಾಲ ಡಬ್ಬಿಗೆ ಹಾಕಿ ಕಳಸ್ತೇನಿ. ಒಂದರ ದಾರ ಇನ್ನೊಂದಕ್ಕ ಅದಲಿ ಬದಲಿ ಆಗಿಲ್ಲ ನೋಡು, ಇವತ್ತಿನ ತನಕ.”

“ಎಲ್ಲಾರದೂ ಒಂದ ಬೋಗುಣ್ಯಾಗ?”

“ಹೌದು. ಯಾಕ?”

ಕಸ್ತೂರಿ ಪಕ್ಕದ ಖಾಲಿ ಮಂಚದ ಮೇಲೆ ಕುಸಿದು ಕೂತಳು. ದಾರ ಅದಲುಬದಲಾಗಿರಲಿಲ್ಲ, ನಿಜ. ಆದರೆ ಹಸಿ ಬಳ್ಳಿಗಳು ಒಂದೇ ನೀರಿನಲ್ಲಿ ಇರುಳೆಲ್ಲ ನೆಂದಿದ್ದವು. ಇದರ ರಕ್ತ ಅದಕ್ಕೆ, ಅದರದು ಇದಕ್ಕೆ. ಒಂದು ಹನಿಯಲ್ಲಿ ಸಾವಿರ ಕಣ ಹುಡುಕುವ ಯಂತ್ರಕ್ಕೆ ಅಷ್ಟು ಸಾಲದೇ? ಮಷಿನ್ನು ಸುಳ್ಳು ಹೇಳಿರಲಿಲ್ಲ. ಇಬ್ಬರಿದ್ದಾರೆ ಎಂದಿತ್ತು. ಇಬ್ಬರಿದ್ದರು, ಬೇರೆ ಬೇರೆ ಹೊಟ್ಟೆಯವರು.

ಅವಳು ಬಿಡಿಸಿ ಹೇಳಿದಾಗ ಹನಮವ್ವನ ಮಡಿಲಿಂದ ಬಟ್ಟೆ ಜಾರಿ ಬಿತ್ತು. “ಆ ತುಂಡು ಯಾತಕ್ಕಂತ ನನಗ ಯಾರೂ ಹೇಳಲಿಲ್ಲಲ್ಲವ್ವಾ... ಅಷ್ಟು ಮನಿಗೆ ನಾನ ಸಾವು ತಂದ್ನೇನ?”

“ಒಂದು ಮಾತು ಕೇಳಬೇಕಾಗಿತ್ತು ನೀ, ದೊಡ್ಡವರನ್ನ,” ಎಂದಳು ಕಸ್ತೂರಿ, ತಡೆಯಲಾರದೆ.

“ನೀನೂ ಬಂದಿದ್ದೆಲ್ಲವ್ವಾ. ಅಂಬಕ್ಕ ಹಡದ ದಿನ ಇಲ್ಲೇ ನಿಂತು, ಹನಮಕ್ಕಾ ಇವತ್ತು ಶುಕ್ರವಾರ, ಏನೂ ಹೊರಗ ಹೋಗಬಾರದು, ಕಾಳಜಿಲೆ ನೋಡ್ಕೋ ಅಂತ ನನ್ನ ಕೈ ಹಿಡದು ಹೇಳಿ ಹೋದಿ.”

ಹೇಳಿದ್ದು ನಿಜ. ಹುಟ್ಟಿದಾಗಿನಿಂದ ಶುಕ್ರವಾರ ಮನೆಯಿಂದ ಉಪ್ಪನ್ನೂ ಆಚೆ ಕೊಡದವಳು ಕಸ್ತೂರಿ. ಜಾರಿ ಬಿದ್ದ ಬಟ್ಟೆಯನ್ನು ಎತ್ತಿ ಹನಮವ್ವನ ಮಡಿಲಿಗಿಟ್ಟಳು. ನಾಚಿಕೆಯಿಂದ ಕಿವಿ ಬಿಸಿಯಾಗಿ ಎದ್ದು ಬಂದಳು.

ದಾಖಲೆ ಕೋಣೆಗೆ ಮರಳಿ, ಬಾಗಿಲು ಹಾಕಿಕೊಂಡು, ಆ ಶುಕ್ರವಾರದ ಪುಟ ತೆಗೆದಳು. ಅಂದು ಎರಡೇ ಹೆರಿಗೆ. ಒಂದು ಅಂಬಿಕಾಳದು. ಇನ್ನೊಂದು ತಸ್ಲೀಮ ನದಾಫ್ ಎಂಬವಳದು, ಗಂಡು ಕೂಸು. ಯಂತ್ರ ಪ್ರತಿಯೊಂದು ಗುರುತಿಗೂ ಹನ್ನೆರಡು ಅಂಕಿಯ ಸಂಖ್ಯೆ ಕೊಡುತ್ತಿತ್ತು. ದಾಕ್ಷಿಯ ಬಳ್ಳಿಯಲ್ಲಿದ್ದ ಎರಡನೆಯ ಗುರುತಿನ ಸಂಖ್ಯೆಯ ಮೇಲೆ ಒಂದು ಬೆರಳಿಟ್ಟಳು, ತಸ್ಲೀಮಳ ಕೂಸಿನ ಮೊದಲ ಗುರುತಿನ ಮೇಲೆ ಇನ್ನೊಂದು. ಒಂದೊಂದೇ ಅಂಕಿ ಓದಿದಳು. ಹನ್ನೆರಡೂ ಒಂದೇ. ತಿರುಗಿಸಿ ನೋಡಿದಳು: ತಸ್ಲೀಮಳ ಕೂಸು ಕಳೆದುಕೊಂಡಿದ್ದ ‘ಹೆಣ್ಣು’ ದಾಕ್ಷಿಯೇ.

ಮಗದುಮ್ ಡಾಕ್ಟರು ಎಲ್ಲ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. “ಮುನ್ನೂರ ಐವತ್ತಾರು ಮನಿ... ಇವತ್ತ ಮ್ಯಾಲಕ್ಕ ಬರೀತೇನಿ. ಹಿಂದಿನ ಸಂಕೇತ ತಿದ್ದಬೇಕಂದ್ರ ಸಮಿತಿ ಕೂಡಬೇಕು, ಮೂರು ತಿಂಗಳರ ಬೇಕು. ಅಲ್ಲೀತನಕ ಯಾವ ತಾಯಿಗೂ ಹೇಳೂಹಂಗಿಲ್ಲ. ಒಬ್ಬರ ದಾಖಲೆ ಇನ್ನೊಬ್ಬರಿಗೆ ತೋರಿಸಿದ್ರ ನಿಮ್ಮ ನೌಕರಿ ಹೋಗ್ತದ.”

“ಸಮಿತಿ ಕೂಡೂತನಕ ನನ್ನ ಮೊಮ್ಮಗಳು ಇರಬೇಕಲ್ರಿ ಸರ್.”

ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿದರು. “ರಜಾ ಚೀಟಿ ಕೊಟ್ಟು ಹೋಗ್ರಿ. ರಜಾದಾಗ ನೀವು ಎಲ್ಲಿ ಹೋಗ್ತೀರಿ ಅಂತ ನಾನೇನು ಕೇಳೂದಿಲ್ಲ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಕಸ್ತೂರಿ ಮಾತು ಜೋಡಿಸಿಕೊಂಡಳು. ಕಳೆದುಕೊಂಡದ್ದು ಏನೂ ಇಲ್ಲ ಎಂದರೆ ಮಗಳಿಗೆ ಸಂತೋಷವಾಗಬೇಕಷ್ಟೇ. ಅಂಬಿಕಾ ಜ್ವರದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಕಸ್ತೂರಿ ಬೋಗುಣಿಯಿಂದ ಹಿಡಿದು ಹನ್ನೆರಡು ಅಂಕಿಯ ತನಕ ಎಲ್ಲವನ್ನೂ ಹೇಳಿದಳು. “ಓಂಕಾರ ಅನ್ನೂ ಕೂಸು ನಿನ್ನ ಹೊಟ್ಟ್ಯಾಗ ಇರಲೇ ಇಲ್ಲವ್ವ. ಆ ಗುರುತು ಬ್ಯಾರೆಯವರ ಕೂಸಿಂದು. ಅದು ಆರಾಮ ಐತಿ.”

ಅಂಬಿಕಾಳ ಕಣ್ಣುಗಳು ದೊಡ್ಡವಾದವು. “ಅಂದ್ರ ಅವ ಬದುಕ್ಯಾನ?”

“ಅಂಬಿಕಾ, ನಾ ಹೇಳೂದು...”

“ಎಲ್ಲದಾನ? ನನ್ನ ಕರಕೊಂಡು ಹೋಗಬೇ.”

ಸತ್ತನೆಂಬ ಭ್ರಮೆಯನ್ನು ತೆಗೆಯಹೋಗಿ ಬದುಕಿದ್ದಾನೆಂಬ ಭ್ರಮೆಯನ್ನು ಹಾಕಿದಂತಾಯಿತಲ್ಲ! ಯಾರದೋ ಮನೆಯ ಮಗುವನ್ನು ಇವಳು ನನ್ನದು ಎಂದು ಅಪ್ಪಿಕೊಂಡು ಕೂತರೆ? ಪೊಲೀಸರು ಬರುತ್ತಾರೆ, ಊರು ಸೇರುತ್ತದೆ. ಬೇಡ ಎಂದಳು, ನಾಳೆ ಎಂದಳು. ಅಷ್ಟರಲ್ಲಿ ದಾಕ್ಷಿ ಅತ್ತಳು. ಅತ್ತದ್ದು ಎನ್ನುವುದೂ ತಪ್ಪೇ, ಕೂಸಿಗೆ ದನಿ ಏರಿಸುವ ತ್ರಾಣವೇ ಉಳಿದಿರಲಿಲ್ಲ. ಕಸ್ತೂರಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಮಗಳ ಕೈ ಹಿಡಿದಳು, ಆಟೋ ಕರೆದಳು.

ನದಾಫ್‌ರ ಮನೆ ಸಂತೆಪೇಟೆಯ ಹಿಂದಿನ ಓಣಿಯಲ್ಲಿ. ಗಾದಿ ಹೊಲಿಯುವ ಮನೆ. ಪಡಸಾಲೆಯ ತುಂಬ ಹತ್ತಿ ಹಾರಾಡುತ್ತಿತ್ತು. ಬಾಗಿಲಿಗೆ ಬಂದ ತಸ್ಲೀಮ ಇಪ್ಪತ್ತೆರಡರ ಹುಡುಗಿ, ತಲೆಯ ದುಪ್ಪಟ್ಟದ ಮೇಲೂ ಹತ್ತಿಯ ಎಳೆ. ಆಸ್ಪತ್ರೆಯವರೆಂದು ಕೇಳಿ ಅವಳು ಅತ್ತೆಯನ್ನು ಕೂಗಿದಳು. ಹುಸೇನಬಿ ಒಳಗಿನಿಂದ ಚಾಪೆ ತಂದು ಹಾಸಿದಳು. ಕಸ್ತೂರಿ ಎರಡನೆಯ ಸಲ ಅದೇ ಕಥೆ ಹೇಳಿದಳು. ಹೇಳುವಾಗ ಅವಳ ಒಂದು ಕೈ ಅಂಬಿಕಾಳ ಮೊಣಕೈಯನ್ನು ಬಿಗಿಯಾಗಿ ಹಿಡಿದೇ ಇತ್ತು.

ಕಥೆ ಮುಗಿದಾಗ ತಸ್ಲೀಮ ಎದ್ದು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ದುಂಡಗಿನ, ಎಣ್ಣೆ ಹಚ್ಚಿದ, ಮುಷ್ಟಿ ಬಿಗಿದ ಗಂಡು ಕೂಸು.

“ಓಂಕಾರ,” ಎಂದಳು ಅಂಬಿಕಾ ಪಿಸುದನಿಯಲ್ಲಿ.

“ಇವನ ಹೆಸರು ರಿಹಾನ್ ಐತ್ರಿ,” ಎಂದಳು ತಸ್ಲೀಮ, ಗಡುಸಾಗಿ. ಮಗುವನ್ನು ಎದೆಗೆ ಒತ್ತಿಕೊಂಡಳು. ಆದರೆ ತಸ್ಲೀಮಳ ಕಣ್ಣು ಅಂಬಿಕಾಳ ಮೇಲಿರಲಿಲ್ಲ, ಕಸ್ತೂರಿಯ ಸೆರಗಿನೊಳಗಿನ ಕೂಸಿನ ಮೇಲಿತ್ತು. “ಅಕ್ಕಾರ, ಇಕಿ... ಇಕಿ ನನ್ನ ಮೆಹಕ್ ಏನ್ರಿ?”

ಹುಸೇನಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದಳು, “ಪ್ರತಿ ಗುರುವಾರ ದರ್ಗಾಕ್ಕ ಹೋಗಿ ದೀಪಾ ಹಚ್ಚಿ ಬರ್ತಾಳ್ರಿ, ಮೆಹಕ್ ಹೆಸರಲೆ. ನನ್ನ ಮಗ ಕೂಸಿಗೆ ಸಣ್ಣ ಗಾದಿ ಹೊಲದ್ರ, ಎರಡು ಹೊಲಿ ಅಂದ್ಳು. ಹೊಲದ.”

ಮೂಲೆಯಲ್ಲಿ ಅವು ಇದ್ದವು, ಮೊಳದಗಲದ ಹೂವಿನ ಬಟ್ಟೆಯ ಎರಡು ಗಾದಿ. ಒಂದು ಕೊಳೆಯಾಗಿ ಹಿಸುಕಿಹೋಗಿತ್ತು. ಇನ್ನೊಂದರ ಮೇಲೆ ಯಾರೂ ಮಲಗಿದ ಗುರುತಿರಲಿಲ್ಲ. ತಸ್ಲೀಮ ದಾಕ್ಷಿಯನ್ನು ಕಸ್ತೂರಿಯಿಂದ ಕೇಳಿ ಇಸಿದುಕೊಂಡು ಆ ಹೊಸ ಗಾದಿಯ ಮೇಲೆ ಮಲಗಿಸಿದಳು. ಆಮೇಲೆ, ಅಂಬಿಕಾಳ ಕಡೆ ತಿರುಗಿ, ತುಸು ತಡೆದು, ರಿಹಾನನನ್ನು ಅವಳ ಮಡಿಲಿಗೆ ಕೊಟ್ಟಳು.

ಕೊಟ್ಟ ಕೂಡಲೇ ಹುಡುಗ ಹಸಿವಿಗೋ, ಹೊಸ ಮೈಯ ವಾಸನೆಗೋ ರಾಗ ತೆಗೆದ. ಅಂಬಿಕಾಳ ಕುಪ್ಪಸದ ಎಡಭಾಗ ಎಲ್ಲರೂ ನೋಡುತ್ತಿದ್ದಂತೆ ಒದ್ದೆಯಾಯಿತು. ಕಸ್ತೂರಿ ಎದ್ದು ಕೂಸನ್ನು ತೆಗೆದುಕೊಳ್ಳಲು ಹೋದಳು.

“ಬಿಡಬೇ,” ಎಂದಳು ಅಂಬಿಕಾ. ತಸ್ಲೀಮಳ ಮುಖ ನೋಡಿದಳು. “ನಿಮ್ಮ ಮಗ ಅಂತ ನನಗ ಗೊತ್ತೈತ್ರಿ. ಮಂದಿ ಕೂಸು ಕಸಗೊಳ್ಳೂ ಬುದ್ಧಿ ನನಗಿಲ್ಲ. ಆದ್ರ ನಲವತ್ತು ದಿನದಿಂದ ಇದನ್ನ ಇವನ ಹೆಸರಿಗೇ ಇಟ್ಟೇನಿ. ಒಂದು ಸಲ ಕುಡಸ್ಲೇನು?”

ಹುಸೇನಬಿ ಮುಂದೆ ಬಂದಳು. “ನೋಡವ್ವಾ, ನಮ್ಮಲ್ಲಿ ಇದು ಹುಡುಗಾಟ ಅಲ್ಲ. ಒಂದು ಗುಟುಕು ಒಳಗ ಹೋತಂದ್ರ ನೀ ಇವಂಗ ಹಾಲಿನ ತಾಯಿ, ನಿನ್ನ ಮಗಳು ಇವಂಗ ತಂಗಿ. ದೂದ್ ಶರೀಕ್ ಅಂತೇವಿ. ನಾಳೆ ಬ್ಯಾಡ ಅಂದ್ರ ಬಿಡಾಕ ಬರೂದಿಲ್ಲ. ಸಾಯೂತನಕ ಅಣ್ಣ ತಂಗಿನ.” ಅವಳು ಸೊಸೆಯ ಕಡೆ ನೋಡಿದಳು. “ಹೆತ್ತಾಕಿ ನೀನು. ನೀ ಹೇಳು.”

ತಸ್ಲೀಮ ಗಾದಿಯ ಮೇಲಿನ ದಾಕ್ಷಿಯ ಬಡಕಲು ಕಾಲನ್ನು ಸವರುತ್ತಿದ್ದಳು.

“ಇಷ್ಟು ದಿನ ಇಬ್ಬರೂ ಅಣ್ಣ ತಂಗಿ ಅಂತನ ಅತ್ತೇವಲ್ರಿ,” ಎಂದಳು ತಸ್ಲೀಮ. “ಅಣ್ಣ ತಂಗಿನ ಆಗಲಿ. ಕುಡಸ್ರಿ.”

ರಿಹಾನ್ ಗಬಗಬ ಕುಡಿದ. ಬಾವು ಬಂದ ಜಾಗವಾದ್ದರಿಂದ ಅಂಬಿಕಾ ಹಲ್ಲು ಕಚ್ಚಿ ಗೋಡೆಗೆ ಒರಗಿದಳು, ಕಣ್ಣಿಂದ ಧಾರಾಕಾರ ನೀರು ಸುರಿಯಿತು. ಆದರೆ ಕೂಸನ್ನು ಬಿಡಿಸಲಿಲ್ಲ. ಒಳಗೆ ಹುಸೇನಬಿ ಚಹಾಕ್ಕೆ ನೀರಿಟ್ಟಳು. ತಸ್ಲೀಮ ಅಂಬಿಕಾಳ ಬೆನ್ನಿಗೆ ಒಂದು ದಿಂಬು ಕೊಟ್ಟಳು. ಕಸ್ತೂರಿಗೆ ನಾಳೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಇನ್ನೂ ಮುನ್ನೂರ ಐವತ್ತನಾಲ್ಕು ಮನೆ, ಎಲ್ಲ ಕಡೆ ಒಂದೊಂದು ಹೆಸರು, ಒಂದೊಂದು ದೀಪ. ನೌಕರಿ ಇರುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ರಿಹಾನನ ಬಾಯಿ ಸಡಿಲಾಯಿತು, ಹೊಟ್ಟೆ ಬಿಗಿದುಕೊಂಡು ನಿದ್ದೆಹೋದ. ತಸ್ಲೀಮ ಅವನನ್ನು ತೆಗೆದುಕೊಂಡಳು. ಅಂಬಿಕಾ ಕುಪ್ಪಸ ಮುಚ್ಚಿಕೊಳ್ಳಲು ಹೋದವಳು ತಡೆದಳು.

“ಇನ್ನೂ ಐತಿ,” ಎಂದಳು.

ಅಂಬಿಕಾ ಬಾಗಿ ದಾಕ್ಷಿಯನ್ನು ಎತ್ತಿಕೊಂಡಳು, ಎಡಗಡೆಗೆ ತಂದುಕೊಂಡಳು. ಗುರುತಿಲ್ಲದ ಜಾಗ, ಕೂಸು ಆಚೆ ಈಚೆ ಮುಖ ಹೊರಳಿಸಿತು, ಮೂಗು ತಾಗಿಸಿತು, ಒಮ್ಮೆ ಬಿಟ್ಟಿತು. ಅಂಬಿಕಾ ಮತ್ತೆ ಹಿಡಿದಳು. ಈ ಸಲ ಕಚ್ಚಿಕೊಂಡಿತು.

ಗುಟುಕಿನ ಸಪ್ಪಳ ಪಡಸಾಲೆಯ ಈ ತುದಿಗೂ ಕೇಳಿಸುತ್ತಿತ್ತು. ಕಸ್ತೂರಿ ಎಣಿಸತೊಡಗಿದಳು. ಇಪ್ಪತ್ತೆರಡು ವರ್ಷದಿಂದ ಎಣಿಸುವುದೇ ಕೆಲಸವಾದವಳು. ಹನ್ನೊಂದು, ಹನ್ನೆರಡು, ಹದಿಮೂರು. ಹದಿನೆಂಟಕ್ಕೆ ಅಳು ಉಕ್ಕಿ ಬಂದು ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.